ಮನೆವಾರ್ತೆ: ನಾಲ್ಕು ತಂತಿಯ ಗಿಟಾರು

ಆಲೂರು ತಾಲ್ಲೂಕು ಪಾಳ್ಯದ ಕಡೆಯ ಗೃಹಸ್ಥರೊಬ್ಬರು ಬರೆದ ಕಾಗದವು ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. ಅವರಿಗೆ ಐದೆಕರೆ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು; ಹಾಸನದಲ್ಲಿ ಕಾಲೇಜು ಓದುತ್ತಿರುವ ಒಬ್ಬಳೇ ಮಗಳು. ಆಕೆ ಸ್ನೇಹಿತೆಯರ ಹಾಡಿನ ಮೇಳವೊಂದನ್ನು ಸೇರಿ, ತನಗೆ ಬೇಸ್ ಗಿಟಾರು ಬೇಕೆಂದು ಕೇಳಿದ್ದಾಳೆ. ತಂದೆಗೆ ಸಂಗೀತದ ಮೇಲೆ ಹಗೆಯಿಲ್ಲ; ಲೆಕ್ಕದಲ್ಲಿ ಅನುಮಾನ. “ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ; ಆದರೂ ಬೆಲೆ ಅದಕ್ಕಿಂತ ಹೆಚ್ಚು. ಅದರ ಮೇಲೆ, ಬರಿಯ ವಾದ್ಯವನ್ನು ನುಡಿಸಿದರೆ ಪಕ್ಕದ ಕೋಣೆಗೂ ಕೇಳಿಸುವುದಿಲ್ಲವಂತೆ, ಪೆಟ್ಟಿಗೆಯೊಂದನ್ನು ಬೇರೆ ಕೊಳ್ಳಬೇಕಂತೆ. ಇದರಲ್ಲಿ ಮೋಸವಿಲ್ಲವಷ್ಟೆ? ಈ ವರ್ಷದ ಕಾಫಿ ಹಣದಲ್ಲಿ ೩೦,೦೦೦ ರೂಪಾಯಿ ತೆಗೆದಿಡಬಲ್ಲೆ. ಅದಕ್ಕೆ ಮೇಲೆ ಆಗದು. ದಾರಿ ತೋರಿಸಬೇಕು” ಎಂದು ಕೇಳಿದ್ದಾರೆ.

ಮಹನೀಯರೇ, ಮೋಸವೇನೂ ಇಲ್ಲ. ಆದರೆ ಈ ವ್ಯವಹಾರದಲ್ಲಿ ಹಣ ಪೋಲಾಗುವ ಜಾಗಗಳು ಹಲವಿವೆ, ಅವುಗಳಲ್ಲಿ ಒಂದೆರಡನ್ನು ನಾನು ಸ್ವತಃ ಕಂಡಿದ್ದೇನೆ. ಈ ವಿಷಯವನ್ನು ಬರೆಯುತ್ತಿರುವುದು ಸಂಗೀತ ಬಲ್ಲವನೆಂಬ ಹೆಮ್ಮೆಯಿಂದಲ್ಲ. ಒಮ್ಮೆ ತಪ್ಪಿ ನಡೆದವನೆಂಬ ಕಾರಣದಿಂದ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ವಾದ್ಯದ ಸ್ವರೂಪ. ತಂತಿ ಉದ್ದವಾದಷ್ಟೂ ದಪ್ಪವಾದಷ್ಟೂ ನಾದವು ಕೆಳಗಿಳಿಯುತ್ತದೆಂಬುದು ತಂಬೂರಿಯನ್ನು ಕಂಡ ಎಲ್ಲರಿಗೂ ಗೊತ್ತು. ಸಾಮಾನ್ಯ ಗಿಟಾರಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು ೬೫ ಸೆಂಟಿಮೀಟರು. ಬೇಸ್ ಗಿಟಾರಿನಲ್ಲಿ ೮೬. ಅದರ ಅತ್ಯಂತ ದಪ್ಪನೆಯ ತಂತಿಯು ಎರಡೂವರೆ ಮಿಲಿಮೀಟರಿಗಿಂತ ದಪ್ಪ. ಈ ತಂತಿಯು ಸೆಕೆಂಡಿಗೆ ೪೧ ಸಲ ಮಾತ್ರ ಕಂಪಿಸುತ್ತದೆ. ಉಳಿದ ಮೂರು ಕ್ರಮವಾಗಿ ೫೫, ೭೩, ೯೮ ಸಲ. ಪಾಶ್ಚಾತ್ಯರು ಇವುಗಳನ್ನು ಇ, ಎ, ಡಿ, ಜಿ ಎಂದು ಕರೆಯುತ್ತಾರೆ. ನಾಲ್ಕು ತಂತಿಗಳೂ ಶ್ರುತಿಗೆ ಬಂದು ನಿಂತಾಗ ದಂಡಿಯ ಮೇಲೆ ಬೀಳುವ ಎಳೆತವು ಸುಮಾರು ೭೫ ಕಿಲೋಗ್ರಾಮು, ಅಂದರೆ ನಮ್ಮ ಒಂದೂವರೆ ಮೂಟೆ ಕಾಫಿಯ ಭಾರ. ಇಷ್ಟನ್ನು ವರ್ಷಗಟ್ಟಲೆ ಬಾಗದೆ ಹೊರುವ ಮರದ ದಂಡಿಯನ್ನೂ, ಬಿರಡೆಗಳನ್ನೂ, ಕುದುರೆಯನ್ನೂ ಮಾಡಬೇಕಾದುದರಿಂದಲೇ ತಂತಿ ಎರಡು ಕಡಮೆಯಾದರೂ ಬೆಲೆ ಏರಿದುದು.

ಇದು ಬಹಳ ಹಳೆಯ ವಾದ್ಯವೂ ಅಲ್ಲ. ಹಿಂದೆ ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲಿನ ಜಾತಿಯ ವಾದ್ಯವನ್ನು ನಿಂತು ನುಡಿಸುತ್ತಿದ್ದರು. ಅಮೆರಿಕದ ಸಿಯಾಟಲ್ ನಗರದಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು ೧೯೩೦ರ ದಶಕದಲ್ಲಿಯೇ ಇದನ್ನು ಗಿಟಾರಿನಂತೆ ಅಡ್ಡಲಾಗಿ ಹಿಡಿಯುವ ವಿದ್ಯುತ್ ವಾದ್ಯವನ್ನಾಗಿ ಮಾಡಿದ್ದರು, ಆದರೆ ಅದು ಹರಡಲಿಲ್ಲ. ೧೯೫೧ರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಹೊರತಂದ ‘ಪ್ರಿಸಿಷನ್ ಬೇಸ್’ ಎಂಬುದು ಜಗತ್ತಿಗೆಲ್ಲ ಮಾದರಿಯಾಯಿತು. ಮೆಟ್ಟಿಲುಗಳಿರುವುದರಿಂದ ಸ್ವರವು ಕರಾರುವಾಕ್ಕಾಗಿ ಬರುತ್ತದೆಂಬ ಅಭಿಪ್ರಾಯದಿಂದ ಅದಕ್ಕೆ ಆ ಹೆಸರು.

ನಮ್ಮ ಮನೆಗಳಲ್ಲಿ ಇದರ ನಾದವನ್ನು ಕೇಳದವರಿಲ್ಲ, ಕೇಳಿದೆವೆಂದು ತಿಳಿದವರು ಮಾತ್ರ ಕಡಮೆ. ಶಂಕರನಾಗ್ ಅವರ ‘ಗೀತಾ’ (೧೯೮೧), ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ (೧೯೮೩), ಇವೆರಡಕ್ಕೂ ಇಳಯರಾಜರು ಕೂಡಿಸಿದ ಹಾಡುಗಳನ್ನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳಿರಿ. ಹಾಡುವವರ ದನಿಯನ್ನು ಸ್ವಲ್ಪ ಹೊತ್ತು ಮರೆತು ತಳದಲ್ಲಿ ನಡೆಯುವ ಎಳೆಯನ್ನು ಹಿಂಬಾಲಿಸಿದರೆ ಮಗಳು ಏನನ್ನು ಕೇಳುತ್ತಿದ್ದಾಳೆಂಬುದು ತಿಳಿದೀತು. ಮೈಸೂರಿನ ರಘು ದೀಕ್ಷಿತರ ತಂಡವು ಶಿಶುನಾಳ ಷರೀಫರ ಪದಗಳನ್ನು ಹಾಡುವಾಗಲೂ ಕೆಳಗಿನಿಂದ ಪದವನ್ನು ಎತ್ತಿ ಹಿಡಿಯುವುದು ಈ ವಾದ್ಯವೇ. ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಪ್ರಯೋಜನವಿಲ್ಲ. ಉಗುರಿನಷ್ಟು ಅಗಲದ ಆ ಸ್ಪೀಕರು ಇಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ಹೆಣ್ಣುಮಕ್ಕಳಿಗೆ ಇದು ಹೇಳಿಸಿದ್ದಲ್ಲವೆಂದು ಕಾಗದದ ಕೊನೆಯಲ್ಲಿ ಒಂದು ಸಾಲು ಇದೆ. ಅದಕ್ಕೆ ಉತ್ತರವಾಗಿ ಮುಂಬಯಿಯ ಮೋಹಿನಿ ಡೇ ಅವರ ಹೆಸರೊಂದು ಸಾಕು. ೧೯೯೬ರಲ್ಲಿ ಹುಟ್ಟಿದ ಇವರು ತಂದೆಯಿಂದಲೇ ಈ ವಾದ್ಯವನ್ನು ಕಲಿತು, ಎ. ಆರ್. ರೆಹಮಾನ್ ಅವರ ಕಚೇರಿಗಳಲ್ಲಿ ನುಡಿಸಿ, ಪರದೇಶಗಳಲ್ಲಿಯೂ ಹೆಸರಾಗಿದ್ದಾರೆ.

ಇನ್ನು ನನ್ನ ತಪ್ಪಿನ ಸಂಗತಿ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳಿಗೆ ಹೀಗೆಯೇ ಒಂದು ಬೇಸ್ ಗಿಟಾರನ್ನು ತರಿಸಿಕೊಟ್ಟೆ. ಅಂಗಡಿಗೆ ಹೋಗಲಿಲ್ಲ, ಮೊಬೈಲಿನಲ್ಲಿ ಚಿತ್ರ ನೋಡಿ, ಹೊಳಪು ನೋಡಿ, ಹಣ ಕಟ್ಟಿದೆ. ಮಳೆಗಾಲದ ನಡುವೆ ಪೆಟ್ಟಿಗೆ ಬಂತು. ಹುಡುಗಿ ಹಗಲಿರುಳು ಅದರೊಡನೆ ಕುಳಿತಳು. ತಿಂಗಳಾಗುವುದರೊಳಗೆ ಬೆರಳುಗಳಲ್ಲಿ ಬೊಕ್ಕೆ, ಮಣಿಕಟ್ಟಿನಲ್ಲಿ ನೋವು. ನುಡಿಸಿದ ಸ್ವರವೂ ಕೂಡುತ್ತಿರಲಿಲ್ಲ. ಮೇಲಿನ ಮೆಟ್ಟಿಲುಗಳಿಗೆ ಹೋದಂತೆಲ್ಲ ಅಪಶ್ರುತಿ. ದೀಪಾವಳಿಯ ವೇಳೆಗೆ ವಾದ್ಯವು ಅಟ್ಟ ಸೇರಿತು. “ಮಾವ, ನನ್ನ ಕೈಲಿ ಆಗುವುದಿಲ್ಲ” ಎಂದಳು. “ಹೋಗಲಿ ಬಿಡಮ್ಮ, ಎಲ್ಲರಿಗೂ ಕೈ ಒಗ್ಗುವುದಿಲ್ಲ” ಎಂದೆ. ಸಮಾಧಾನದ ಮಾತೆಂದೇ ಆಡಿದೆ. ಆಮೇಲೆ ಎರಡು ವರ್ಷ ಆ ಹುಡುಗಿ ಯಾವ ವಾದ್ಯವನ್ನೂ ಮುಟ್ಟಲಿಲ್ಲ.

ಹಾಸನದ ಆರ್ಕೆಸ್ಟ್ರಾದಲ್ಲಿ ನುಡಿಸುವ ಬಂಧುಗಳೊಬ್ಬರು ಒಂದು ಮದುವೆಗೆ ಬಂದವರು ಅಟ್ಟದಿಂದ ಅದನ್ನು ಇಳಿಸಿ ನೋಡಿದರು. ಬಡಗಿಯು ಹಲಗೆಯ ನೆಟ್ಟನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ದಂಡಿಯುದ್ದಕ್ಕೂ ದೃಷ್ಟಿಯಿಟ್ಟು, “ಇದನ್ನು ಯಾರೂ ಹೊಂದಿಸಿಯೇ ಇಲ್ಲವಲ್ಲ!” ಎಂದರು. ತಂತಿಗಳು ಮೆಟ್ಟಿಲಿನಿಂದ ಐದು ಮಿಲಿಮೀಟರು ಎತ್ತರದಲ್ಲಿ ನಿಂತಿದ್ದವು. ಇರಬೇಕಾದುದು ಅದರ ಅರ್ಧ. ದಂಡಿ ಬಿಲ್ಲಿನಂತೆ ಬಾಗಿತ್ತು. ಕುದುರೆಯ ಮೇಲಿನ ನಾಲ್ಕು ಕೊಂಡಿಗಳೂ ಕಾರ್ಖಾನೆಯಲ್ಲಿ ಜೋಡಿಸಿದ ಹಾಗೆಯೇ ಒಂದೇ ಸಾಲಿನಲ್ಲಿದ್ದವು. ಅವರು ಅಲೆನ್ ಕೀ ಒಂದನ್ನು ತರಿಸಿಕೊಂಡು ಮುಕ್ಕಾಲು ಗಂಟೆ ಕುಳಿತರು. ಹುಡುಗಿಯ ಕೈಗೆ ಕೊಟ್ಟರು. ಮೊದಲಿಗಿಂತ ಅರ್ಧದಷ್ಟು ಬಲಕ್ಕೇ ಸ್ವರ ಹೊರಟಿತು, ಶುದ್ಧವಾಗಿಯೂ ಹೊರಟಿತು. ಆಕೆ ನನ್ನ ಮುಖವನ್ನು ನೋಡಲಿಲ್ಲ; ನನಗೂ ನೋಡುವ ಧೈರ್ಯವಿರಲಿಲ್ಲ. ವೀಣೆಯ ಮೇಣ ಒಡೆದು ಮೆಟ್ಟಿಲು ಕದಲಿದಾಗ ಮೇಳ ಕಟ್ಟಿಸಬೇಕೆನ್ನುತ್ತೇವೆಯೇ ಹೊರತು ನುಡಿಸುವವಳನ್ನು ದೂರುವುದಿಲ್ಲ. ಪೆಟ್ಟಿಗೆಯಿಂದ ತೆಗೆದ ಹೊಸ ವಾದ್ಯಕ್ಕೂ ಅದೇ ಮಾತು ಸಲ್ಲುತ್ತದೆಂದು ನನಗೆ ಹೊಳೆದಿರಲಿಲ್ಲ.

ಆದುದರಿಂದ ೩೦,೦೦೦ ರೂಪಾಯಿಯನ್ನು ಹಂಚುವಾಗ ನಾನು ಮೊದಲು ತೆಗೆದಿರಿಸುವುದು ಹೊಂದಿಸುವ ಖರ್ಚನ್ನು. ಹೊಸ ತಂತಿಗಳಿಗೂ ಕುಶಲಿಯ ಕೂಲಿಗೂ ಸೇರಿ ೩,೦೦೦. ಮನೆಯ ವಯರಿಂಗನ್ನು ನೋಡಿಸುವುದಕ್ಕೆ ೨,೦೦೦; ಇದರ ಕಾರಣವನ್ನು ಕೆಳಗೆ ಕಾಣುವಿರಿ. ಒಳ್ಳೆಯ ಕೇಬಲು, ಅಗಲವಾದ ಪಟ್ಟಿ, ಶ್ರುತಿ ತೋರಿಸುವ ಟ್ಯೂನರು, ಇವಕ್ಕೆ ೨,೦೦೦. ನಾಲ್ಕು ಕಿಲೋ ತೂಗುವ ವಾದ್ಯವನ್ನು ಕಿರಿದಾದ ಪಟ್ಟಿಯಲ್ಲಿ ನೇತುಹಾಕಿದರೆ ಭುಜ ಇಳಿದುಹೋಗುವುದು. ಧ್ವನಿವರ್ಧಕಕ್ಕೆ ೮,೦೦೦ದಿಂದ ೯,೦೦೦. ಮಿಕ್ಕ ೧೪,೦೦೦ದಲ್ಲಿ ವಾದ್ಯ. ಬೆಲೆಗಳು ಏರಿಳಿಯುವುದರಿಂದ ಅಂಕಿಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಹಂಚಿಕೆಯ ಕ್ರಮವನ್ನು ಬಿಡಬಾರದು. ಇಪ್ಪತ್ತೆಂಟು ಸಾವಿರವನ್ನು ವಾದ್ಯದ ಮೇಲೆ ಸುರಿದು ಉಳಿದುದಕ್ಕೆ ಮೋಟುಗಾರಿಕೆ ಮಾಡುವವರೇ ಹೆಚ್ಚು.

ಹದಿನಾಲ್ಕು ಸಾವಿರಕ್ಕೆ ಹೊಸದೂ ಸಿಕ್ಕೀತು. ಆದರೆ ಅದೇ ಹಣಕ್ಕೆ ಒಂದು ಮೆಟ್ಟು ಮೇಲಿನ ದರ್ಜೆಯ ಹಳೆಯದು ಸಿಕ್ಕುವುದಾದರೆ ಹಳೆಯದನ್ನೇ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಬೆಂಗಳೂರು ಮಂಗಳೂರುಗಳಲ್ಲಿ ಎರಡು ವರ್ಷ ಉತ್ಸಾಹದಿಂದ ನುಡಿಸಿ, ನೌಕರಿ ಸಿಕ್ಕಿದೊಡನೆ ಮಾರುವ ಹುಡುಗರು ಬೇಕಾದಷ್ಟು ಇದ್ದಾರೆ. ಐದು ವರ್ಷ ಕಳೆದೂ ನೆಟ್ಟಗಿರುವ ದಂಡಿಯು ಮುಂದೆಯೂ ನೆಟ್ಟಗಿರುವ ಸಂಭವ ಹೆಚ್ಚು. ಹೊಸ ಮರದ ವಿಷಯದಲ್ಲಿ ಆ ಮಾತು ಹೇಳಲಾಗದು. ಆದರೆ ಚಿತ್ರ ನೋಡಿ ಕೊಳ್ಳಕೂಡದು, ಮಗಳನ್ನು ಕರೆದುಕೊಂಡು ಹೋಗಬೇಕು.

ಹೋದಾಗ ನೋಡತಕ್ಕದ್ದು ಇಷ್ಟು. ತಲೆಯ ಕಡೆಯಿಂದ ದಂಡಿಯುದ್ದಕ್ಕೂ ದೃಷ್ಟಿಯಿಡಿರಿ. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ದಂಡಿಯೊಳಗೆ ಉಕ್ಕಿನ ಸರಳೊಂದಿದೆ, ಅದನ್ನು ತಿರುಗಿಸಿ ನೆಟ್ಟಗೆ ಮಾಡಬಹುದು. ಹಗ್ಗ ಹೊಸೆದಂತೆ ತಿರುಚಿದ್ದರೆ ಅಲ್ಲಿಂದಲೇ ಹಿಂದಿರುಗಿರಿ, ಅದಕ್ಕೆ ಮದ್ದಿಲ್ಲ. ಸರಳಿನ ತಿರುಪು ತಿರುಗುತ್ತದೆಯೇ ಎಂಬುದನ್ನು ಮಾರುವವರ ಕೈಯಿಂದಲೇ ತೋರಿಸಿಕೊಳ್ಳಿರಿ. ತುಕ್ಕು ಹಿಡಿದು ನಿಂತಿದ್ದರೆ ಬೇಡ. ತಲೆಯೂ ದಂಡಿಯೂ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿಯೂ ಒತ್ತಿ ನುಡಿಸಬೇಕು. ಎಂಬತ್ತು ಸ್ವರಗಳಾದರೂ ಆಗುತ್ತವೆ, ಆದರೂ ಸಂಕೋಚ ಬೇಡ. ನಾವು ಹಸು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ? ಕೊನೆಗೆ ಧ್ವನಿವರ್ಧಕಕ್ಕೆ ಕೂಡಿಸಿ ಗುಬಟುಗಳನ್ನು ತಿರುಗಿಸಿರಿ. ಕರಕರ ಸದ್ದು ಬಂದರೆ ಗಾಬರಿಯಾಗದೆ ಬೆಲೆಯಲ್ಲಿ ಸಾವಿರ ರೂಪಾಯಿ ಇಳಿಸಿರಿ. ಅದು ಒಳಗೆ ಧೂಳು ಕುಳಿತಿರುವ ಗುರುತು. ಕಾಂಟ್ಯಾಕ್ಟ್ ಕ್ಲೀನರು ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ.

ಹುಡುಗಿಯ ಕೈ ಚಿಕ್ಕದಾಗಿದ್ದರೆ ೭೬ ಸೆಂಟಿಮೀಟರು ಉದ್ದದ ತಂತಿಯುಳ್ಳ ಗಿಡ್ಡ ಬೇಸ್ ಗಿಟಾರೂ ಉಂಟು. ಅದು ಮಕ್ಕಳಾಟಿಕೆಯೆಂಬ ಭಾವನೆ ಬೇಡ, ದೊಡ್ಡ ವಾದಕರೂ ಅದನ್ನು ನುಡಿಸಿದ್ದಾರೆ. ಬ್ಯಾಟರಿ ಹಾಕುವ ಜಾತಿಯೊಂದಿದೆ; ಅದರಲ್ಲಿ ಕೇಬಲು ಚುಚ್ಚಿಟ್ಟಿರುವಷ್ಟು ಹೊತ್ತೂ ಬ್ಯಾಟರಿ ಸವೆಯುತ್ತದೆ. ಮೊದಲ ವಾದ್ಯಕ್ಕೆ ಬ್ಯಾಟರಿಯಿಲ್ಲದ್ದೇ ವಾಸಿ.

ಮಾರುವವರು ‘ಮೆಟ್ಟಿಲು ಹಲಗೆ ಬೀಟೆಯದು’ ಎಂದು ಹೇಳಿ ಬೆಲೆ ಏರಿಸುವುದುಂಟು. ನಮ್ಮ ಮಲೆನಾಡಿನ ಬೀಟೆಮರಕ್ಕೆ ಗಿಟಾರು ಮಾಡುವವರಲ್ಲಿ ಬಲು ಮರ್ಯಾದೆ. ಅಪರೂಪವಾಗುತ್ತಿರುವ ಮರವಾದುದರಿಂದ ೨೦೧೭ರಲ್ಲಿ ಬೀಟೆಯ ಕುಲದ ಮರಗಳೆಲ್ಲಕ್ಕೂ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಕಟ್ಟುಪಾಡು ಬಂತು; ೨೦೧೯ರ ಕೊನೆಯಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವೆ ಹಲವು ಕಾರ್ಖಾನೆಗಳು ಬೇರೆ ಗಟ್ಟಿಮರಗಳಿಗೆ ತಿರುಗಿದವು. ಕಲಿಯುವವಳ ಬೆರಳಿಗೆ ಇವುಗಳಲ್ಲಿ ಭೇದ ತಿಳಿಯದು. ತೋಟದ ಬದುವಿನಲ್ಲಿ ಬೀಟೆಯನ್ನು ನಿತ್ಯ ನೋಡುವ ನಾವು ಅದಕ್ಕೆ ಹೆಚ್ಚು ದುಡ್ಡು ಕೊಟ್ಟು ಬರುವುದು ಹಾಸ್ಯಾಸ್ಪದ.

ಪೆಟ್ಟಿಗೆಯ, ಅಂದರೆ ಆಂಪ್ಲಿಫೈಯರಿನ, ವಿಚಾರ. ಮನುಷ್ಯನ ಕಿವಿಯು ಮಂದ್ರ ನಾದಗಳಿಗೆ ಮಂದವಾಗಿದೆ. ಮೇಲಿನ ಸ್ವರದಷ್ಟೇ ಗಟ್ಟಿಯಾಗಿ ಕೆಳಗಿನ ಸ್ವರ ಕೇಳಿಸಬೇಕಾದರೆ ಹಲವು ಪಟ್ಟು ಶಕ್ತಿ ಬೇಕು, ಸ್ಪೀಕರಿನ ಹಾಳೆಯು ಹೆಚ್ಚು ಗಾಳಿಯನ್ನು ನೂಕಬೇಕು. ಮನೆಯಲ್ಲಿರುವ ಟಿ.ವಿ. ಸ್ಪೀಕರಿಗೋ ಹಾಡಿನ ಪೆಟ್ಟಿಗೆಗೋ ಇದನ್ನು ಕೂಡಿಸಿ ಗಟ್ಟಿ ಮಾಡಿದರೆ ಹಾಳೆ ಹರಿಯುವ ಅಪಾಯವುಂಟು. ಸಾಮಾನ್ಯ ಗಿಟಾರಿನ ಪೆಟ್ಟಿಗೆಗೂ ಇದೇ ಮಾತು. ಬೇಸಿಗೆಂದೇ ಮಾಡಿದ, ೮ ಅಥವಾ ೧೦ ಅಂಗುಲದ ಸ್ಪೀಕರುಳ್ಳ, ೨೦ರಿಂದ ೪೦ ವಾಟಿನ ಪೆಟ್ಟಿಗೆ ಮನೆಯ ಅಭ್ಯಾಸಕ್ಕೆ ಯಥೇಷ್ಟ. ಕೀಬೋರ್ಡಿನ ಪೆಟ್ಟಿಗೆ ಹಳೆಯದು ಸಿಕ್ಕಿದರೂ ಆಗುತ್ತದೆ. ಹೆಡ್‌ಫೋನಿನ ತೂತು ಇರಲೇಬೇಕು. ಮಂದ್ರ ನಾದಕ್ಕೆ ಗೋಡೆಯ ಲೆಕ್ಕವಿಲ್ಲ, ನಡುಮನೆಯಲ್ಲಿ ನುಡಿಸಿದರೆ ಹಿತ್ತಿಲಲ್ಲಿ ಮಲಗಿದ ಅಜ್ಜಿಯ ಮಂಚ ನಡುಗುತ್ತದೆ. ಹಣ ಇನ್ನೂ ಕಡಮೆಯಾದರೆ ವಾದ್ಯಕ್ಕೇ ಚುಚ್ಚುವ ಅಂಗೈಯೊಳಗಿನ ಹೆಡ್‌ಫೋನು ಆಂಪ್ಲಿಫೈಯರಿನಲ್ಲಿ ಒಂದು ವರ್ಷ ನಿಭಾಯಿಸಬಹುದು.

ವೇದಿಕೆಗೆಂದು ದೊಡ್ಡ ಪೆಟ್ಟಿಗೆ ಕೊಳ್ಳಲೇಬಾರದು. ಗಣಪತಿಯ ರಸಮಂಜರಿಗಾಗಲಿ ಕಾಲೇಜಿನ ಉತ್ಸವಕ್ಕಾಗಲಿ ಮೈಕ್‌ಸೆಟ್‌ನವರು ಆಳೆತ್ತರದ ಸ್ಪೀಕರುಗಳನ್ನು ತಂದೇ ತರುತ್ತಾರೆ. ಡಿ.ಐ. ಬಾಕ್ಸ್ ಎಂಬ ಸಣ್ಣ ಡಬ್ಬಿಯ ಮೂಲಕ ವಾದ್ಯವನ್ನು ಅವರ ಮಿಕ್ಸರಿಗೆ ಕೂಡಿಸಿದರೆ ಮುಗಿಯಿತು.

ಪೆಟ್ಟಿಗೆಯನ್ನು ಕೋಣೆಯ ಮೂಲೆಯಲ್ಲಿಡಬಾರದೆಂಬುದು ಅನೇಕರಿಗೆ ತಿಳಿಯದು. ಅತ್ಯಂತ ಕೆಳಗಿನ ಸ್ವರದ ಅಲೆಯು ಎಂಟು ಮೀಟರಿಗೂ ಉದ್ದ. ಹತ್ತಡಿಯ ಕೋಣೆಯಲ್ಲಿ ಅದು ಗೋಡೆಗಳಿಗೆ ಹಾಯ್ದು ಹಾಯ್ದು ಗುಂಯ್‌ಗುಟ್ಟುತ್ತದೆ, ಮೂಲೆಯಲ್ಲಂತೂ ಮಿತಿಮೀರುತ್ತದೆ. ಸ್ಟೂಲಿನ ಮೇಲೆ, ಗೋಡೆಯಿಂದ ಎರಡಡಿ ಈಚೆಗೆ ಇಟ್ಟು ನೋಡಿರಿ. ಅದೇ ಪೆಟ್ಟಿಗೆ ಸ್ಪಷ್ಟವಾಗಿ ಮಾತಾಡುತ್ತದೆ. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ.

ಈಗ ಆ ಎರಡು ಸಾವಿರದ ಮಾತು. ದಯವಿಟ್ಟು ಇದನ್ನು ನಿಧಾನವಾಗಿ ಓದಬೇಕು. ಗಿಟಾರಿನ ತಂತಿಗಳು ಕುದುರೆಯ ಮೂಲಕ ಕೇಬಲಿಗೂ, ಕೇಬಲಿನಿಂದ ಪೆಟ್ಟಿಗೆಯ ಲೋಹದ ಕವಚಕ್ಕೂ, ಅಲ್ಲಿಂದ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನಿನ ಮೂಲಕ ಭೂಮಿಗೂ ಸೇರಿರುತ್ತವೆ. ಮನೆಯ ಅರ್ತಿಂಗ್ ಸರಿಯಾಗಿದ್ದರೆ ಇದು ರಕ್ಷಣೆ. ನಮ್ಮ ಹಳೆಯ ತೋಟದ ಮನೆಗಳಲ್ಲಿ ಅರ್ತಿನ ತಂತಿ ಎಲ್ಲೋ ತುಂಡಾಗಿರುತ್ತದೆ, ಅಥವಾ ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನ ಸಾಕೆಟ್ಟಿಗೆ ಹೋಗಲೆಂದು ಯಾರೋ ದಪ್ಪ ಪಿನ್ನನ್ನು ಮುರಿದಿರುತ್ತಾರೆ. ಆಗ ಪೆಟ್ಟಿಗೆಯೊಳಗೆ ಎಲ್ಲಿಯಾದರೂ ಕೆಟ್ಟರೆ ಇನ್ನೂರಮೂವತ್ತು ವೋಲ್ಟು ನೇರವಾಗಿ ಮಗುವಿನ ಬೆರಳ ಕೆಳಗಿನ ತಂತಿಗೆ ಬರುತ್ತದೆ. ೧೯೭೨ರಲ್ಲಿ ವೇಲ್ಸಿನ ಸ್ವಾನ್ಸೀ ಎಂಬ ಊರಿನ ವೇದಿಕೆಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರುವಾದಕರು, ಅರ್ತಿಲ್ಲದ ಮೈಕನ್ನು ಮುಟ್ಟಿ ಪ್ರಾಣಬಿಟ್ಟರು. ೧೯೭೬ರಲ್ಲಿ ‘ಯಾರ್ಡ್‌ಬರ್ಡ್ಸ್’ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ ತಮ್ಮ ಮನೆಯಲ್ಲಿಯೇ, ಅರ್ತಿಂಗ್ ಸರಿಯಿಲ್ಲದ ಗಿಟಾರು ನುಡಿಸುತ್ತ ಹಾಗೆಯೇ ತೀರಿಕೊಂಡರು.

ಆದುದರಿಂದ ವಾದ್ಯ ಬರುವ ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಆ ಕೋಣೆಯ ಸಾಕೆಟ್ಟಿಗೆ ಅರ್ತು ನಿಜವಾಗಿ ತಲುಪುತ್ತಿದೆಯೇ ಎಂದು ಅಳೆಯಿಸಬೇಕು. ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸಬೇಕು. ತಂತಿಯನ್ನು ಮುಟ್ಟಿದೊಡನೆ ಪೆಟ್ಟಿಗೆಯ ಗುಂಯ್ ಸದ್ದು ಕಡಮೆಯಾದರೆ ಅದು ಸಹಜ. ಮುಟ್ಟಿದಾಗ ಬೆರಳು ಜುಮ್ಮೆಂದರೆ ಸಹಜವಲ್ಲ. ಆ ಕ್ಷಣ ಮೇನ್ ಸ್ವಿಚ್ಚನ್ನು ಆರಿಸಬೇಕು. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ನುಡಿಸಕೂಡದು. ಚೈತ್ರ ವೈಶಾಖಗಳಲ್ಲಿ ಗುಡುಗು ಹತ್ತಿದೊಡನೆ ಪ್ಲಗ್ಗನ್ನು ಕಿತ್ತಿಡಬೇಕು. ಪ್ರಸ್ತಾಪವಶಾತ್ ಒಂದು ಚಿಕ್ಕ ಸ್ವಾರಸ್ಯ: ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಕಂಪಿಸುವುದರಿಂದ ಅದರ ಗುಂಯ್ ಸದ್ದು ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ಸ್ವರಕ್ಕೆ (ಅದು ೪೯) ಬಹಳ ಸಮೀಪ. ನನ್ನ ತಂಗಿಯ ಮಗಳು ಪೆಟ್ಟಿಗೆಯೇ ಸ್ವರ ಹಿಡಿಯುತ್ತಿದೆಯೆಂದು ನಗುತ್ತಾಳೆ.

ವಾದ್ಯವನ್ನು ಹೊಂದಿಸುವ ಕ್ರಮವನ್ನು ತಿಳಿದವರ ಬಳಿ ಒಮ್ಮೆ ನೋಡಿ ಕಲಿಯುವುದು ಉತ್ತಮ; ಆಮೇಲೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಕ್ರಮ ತಪ್ಪಬಾರದು, ಏಕೆಂದರೆ ಮೊದಲಿನದನ್ನು ಬದಲಿಸಿದರೆ ಮುಂದಿನದೆಲ್ಲ ಬದಲಾಗುತ್ತದೆ. ಹೊಸ ತಂತಿಗಳನ್ನು ಒಂದೊಂದಾಗಿ ಏರಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಡಿರಿ. ಮರುದಿನ ಪುನಃ ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿಯೂ ಕೊನೆಯ ಮೆಟ್ಟಿಲಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿಯಿರಿ. ಆಗ ತಂತಿಯೇ ನೆಟ್ಟನೆಯ ದಾರದಂತಾಗುತ್ತದೆ. ಏಳೆಂಟನೆಯ ಮೆಟ್ಟಿಲಿನ ಮೇಲೆ ಅದರ ಕೆಳಗೆ ಕಾಣುವ ಸಂದು ಸುಮಾರು ೦.೩೦ ಮಿಲಿಮೀಟರು ಇರಬೇಕು. ಇಷ್ಟು ಸಣ್ಣದನ್ನು ಅಳೆಯುವುದು ಹೇಗೆಂದು ಹೆದರಬೇಡಿರಿ. ಬಾಳ್ಳುಪೇಟೆಯಲ್ಲಾಗಲಿ ಆಲೂರಿನಲ್ಲಾಗಲಿ ಯಾವ ಬೈಕ್ ಮೆಕ್ಯಾನಿಕ್ಕಿನ ಬಳಿಯಲ್ಲಿಯೂ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಇರುತ್ತದೆ; ಅದರ ೦.೩೦ರ ಎಲೆ ಸಂದಿನಲ್ಲಿ ಸವರಿದಂತೆ ಹೋಗಬೇಕು. ಸಂದು ಹೆಚ್ಚಾಗಿದ್ದರೆ ಸರಳಿನ ತಿರುಪನ್ನು ಬಲಕ್ಕೆ, ಸಂದೇ ಇಲ್ಲದಿದ್ದರೆ ಎಡಕ್ಕೆ, ಕಾಲು ಸುತ್ತು ಮಾತ್ರ ತಿರುಗಿಸಬೇಕು. ಪುನಃ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು. ತಿರುಗದಿದ್ದರೆ ಬಲ ಹಾಕಲೇಬಾರದು. ಸರಳು ಮುರಿದರೆ ವಾದ್ಯವೇ ಹೋದಂತೆ.

ಅನಂತರ ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ನೆತ್ತಿಯಿಂದ ತಂತಿಯ ತಳಕ್ಕೆ, ದಪ್ಪ ತಂತಿಗೆ ಎರಡೂವರೆ, ಸಣ್ಣ ತಂತಿಗೆ ಎರಡು ಮಿಲಿಮೀಟರು. ಕುದುರೆಯ ಮೇಲಿನ ಕೊಂಡಿಯ ಸಣ್ಣ ತಿರುಪುಗಳಿಂದ ಏರಿಸಿ ಇಳಿಸಬಹುದು. ತೀರ ಇಳಿಸಿದರೆ ತಂತಿ ಮೆಟ್ಟಿಲಿಗೆ ತಾಗಿ ಜರ್ರೆನ್ನುತ್ತದೆ; ಆಗ ಕೂದಲಷ್ಟು ಏರಿಸಿರಿ. ಈ ಎರಡು ಮಿಲಿಮೀಟರಿನ ಅಂತರದಲ್ಲಿಯೇ ನನ್ನ ತಂಗಿಯ ಮಗಳ ಎರಡು ವರ್ಷಗಳು ಹೋದವು.

ಕಡೆಯದು ಸ್ವರಶುದ್ಧಿ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದರೆ ಘಂಟೆಯಂತಹ ಮೇಲಿನ ಷಡ್ಜ ಹೊರಡುತ್ತದೆ. ಅದೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿದಾಗಲೂ ಟ್ಯೂನರು ಅದೇ ಸ್ವರವನ್ನು ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯ ಕೊಂಡಿಯನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಬೇಕು, ಇಳಿದಿದ್ದರೆ ಮುಂದಕ್ಕೆ. ನಾಲ್ಕು ತಂತಿಗಳಿಗೂ ಬೇರೆ ಬೇರೆ. ಮುಗಿದಾಗ ಕೊಂಡಿಗಳು ಸಾಲು ತಪ್ಪಿ ಓರೆಯಾಗಿ ನಿಲ್ಲುತ್ತವೆ. ಅದೇ ಸರಿಯಾಗಿ ಹೊಂದಿಸಿದ ಗುರುತು. ತಲೆಯ ಬಳಿ ತಂತಿಗಳು ಹಾಯುವ ಬಿಳಿಯ ಪಟ್ಟಿಯ ಕಚ್ಚುಗಳನ್ನು ಮಾತ್ರ ಮನೆಯಲ್ಲಿ ಉಜ್ಜಬಾರದು, ಹೆಚ್ಚು ಉಜ್ಜಿದ್ದನ್ನು ಮತ್ತೆ ತುಂಬಲಾಗದು.

ಮೈದಾನದ ಊರುಗಳಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಕಾದೀತು. ಕಾಗದ ಬರೆದವರೂ ನಾನೂ ಒಂದೇ ಮಳೆಯ ಊರಿನವರು; ನಮಗೆ ಎರಡು ಸಲ ಬೇಕು. ಆರಿದ್ರೆ ಮಳೆ ಹಿಡಿದು ಹದಿನೈದು ದಿನವಾದ ಮೇಲೆ ಒಮ್ಮೆ, ಏಕೆಂದರೆ ಅಷ್ಟರಲ್ಲಿ ಮರವು ತೇವ ಕುಡಿದು ದಂಡಿ ಕದಲಿರುತ್ತದೆ. ಕಣದಲ್ಲಿ ಕಾಫಿ ಹರಡುವ ಕಾಲಕ್ಕೆ ಇನ್ನೊಮ್ಮೆ, ಆಗ ಅದೇ ಮರ ಒಣಗಿರುತ್ತದೆ. ಮಳೆಗಾಲದಲ್ಲಿ ವಾದ್ಯವನ್ನು ರೆಕ್ಸಿನ್ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುವುದು. ಹೊರಗೋಡೆಗೆ ನೇತುಹಾಕಿದರೆ ಗೋಡೆಯ ತೇವ ಹತ್ತುವುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಟ್ಟರೆ ಮರ ಬಿರಿಯುವುದು. ಒಳಗೋಡೆಯ ಬದಿಗೆ ಸ್ಟ್ಯಾಂಡಿನ ಮೇಲೆ ಗಾಳಿಯಾಡುವಂತೆ ನಿಲ್ಲಿಸುವುದೇ ಸರಿ. ನುಡಿಸಿದೊಡನೆ ತಂತಿಗಳನ್ನು ಹಳೆಯ ಹತ್ತಿಬಟ್ಟೆಯಿಂದ ಕೆಳಗಿನಿಂದಲೂ ಒರಸಬೇಕು. ಕೊಬ್ಬರಿ ಎಣ್ಣೆ ಸವರುವವರನ್ನು ಕಂಡಿದ್ದೇನೆ. ಅದು ಧೂಳನ್ನು ಹಿಡಿದು ತಂತಿಯನ್ನು ಮೂಕ ಮಾಡುತ್ತದೆ. ಮಂಕಾದ ತಂತಿಗಳನ್ನು ಬಿಚ್ಚಿ, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಿ ಮತ್ತೆ ಏರಿಸಿದರೆ ಕೆಲವು ವಾರ ಹೊಸತರಂತೆ ನುಡಿಯುತ್ತವೆ. ಎರಡು ಸಾವಿರದ ತಂತಿಯನ್ನು ಮುಂದಿನ ಬೆಳೆಯವರೆಗೆ ಎಳೆಯಬೇಕಾದವರಿಗೆ ಈ ಉಪಾಯ ಬಂದೀತು. ಅಡಿಗೆಯ ಪಾತ್ರೆ ಮಾತ್ರ ಬೇಡ. ಈ ವಿಷಯದಲ್ಲಿ ನನ್ನ ತಂಗಿಯಿಂದ ಮಾತು ಕೇಳಿದ್ದೇನೆ.

ಆ ಹುಡುಗಿ ಕಳೆದ ಭಾದ್ರಪದದಲ್ಲಿ ಊರಿನ ಗಣಪತಿಯ ಮುಂದೆ ರಸಮಂಜರಿಯಲ್ಲಿ ನುಡಿಸಿದಳು. ಮಳೆ ಸುರಿಯುತ್ತಿತ್ತು, ಕರೆಂಟು ಎರಡು ಸಲ ಹೋಗಿ ಬಂತು, ಹಾಡಿದವರ ಹೆಸರನ್ನಲ್ಲದೆ ಈಕೆಯ ಹೆಸರನ್ನು ಯಾರೂ ಕೂಗಲಿಲ್ಲ. ಮನೆಗೆ ಬಂದವಳು ವಾದ್ಯವನ್ನು ಒರಸುತ್ತ, “ಮಾವ, ಎರಡನೆಯ ತಂತಿ ಸ್ವಲ್ಪ ಏರಿದೆ, ನಾಳೆ ಆ ಎಲೆ ಕೊಡಿ” ಎಂದಳು. ಆ ಎಲೆಗಳ ಕಟ್ಟು ಈಗ ನಮ್ಮಲ್ಲಿ ಎರಡಿವೆ. ಪಾಳ್ಯದ ಮಹನೀಯರು ವಾದ್ಯ ತಂದ ಮೇಲೆ ಒಂದು ಕಾರ್ಡು ಬರೆದರೆ ಒಂದನ್ನು ಅಂಚೆಯಲ್ಲಿ ಕಳುಹಿಸಿಕೊಡುತ್ತೇನೆ.